ಒತ್ತಿ ಹಿಡಿದ ಗುಂಡಿ ಮತ್ತು ಪಂಪಾಪತಿ ಗುರುಗಳು

ಗಂಗಾವತಿ ಸೀಮೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದವರು ಹಲವರಿದ್ದಾರೆ. ಯಂತ್ರಕ್ಕಿಂತ ಮೊದಲು ಅದನ್ನು ಮುಟ್ಟುವ ಕೈಯನ್ನು ನೋಡಬೇಕೆಂದು ಕಲಿಸಿದವರು ಶ್ರೀ ಪಂಪಾಪತಿ ಗುರುಗಳು. ತಾವರಗೇರಾದಲ್ಲಿ ರೇಡಿಯೊ ರಿಪೇರಿಯಿಂದ ಆರಂಭಿಸಿ, ಕುಷ್ಟಗಿಯಲ್ಲಿ ಹತ್ತು ವರ್ಷ, ಗಂಗಾವತಿಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿ ಈಗ ನಿವೃತ್ತರಾಗುತ್ತಿರುವ ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂಬುದನ್ನು, ಇದು ಅಭಿನಂದನ ಗ್ರಂಥವೆಂಬ ಕಾರಣಕ್ಕೆ ಮುಚ್ಚಿಡುವುದು ಸಲ್ಲ. ಬೈಸಿಕೊಂಡವರು ಬುತ್ತಿ ತಂದಿರದಿದ್ದರೆ ಗುರುಗಳ ಡಬ್ಬಿಯ ರೊಟ್ಟಿ ಅವರ ಪಾಲಾಗುತ್ತಿತ್ತು.

ಇಂದು ಅದೇ ವಿಭಾಗದಲ್ಲಿ ಉಪನ್ಯಾಸಕಿಯಾಗಿರುವ ಶ್ವೇತಾ ಅವರಿಗೆ ಗುರುಗಳೆಂದರೆ ನೆನಪಾಗುವುದು ತಮ್ಮ ಡಿಪ್ಲೊಮಾದ ಕೊನೆಯ ಪ್ರಾಯೋಗಿಕ ಪರೀಕ್ಷೆ. ಒಂದೇ ಸಲಕ್ಕೆ ಪಾಸಾದರೆ ಮುಂದಿನ ಓದು, ಇಲ್ಲವಾದರೆ ಮದುವೆ ಎಂದು ಮನೆಯ ಹಿರಿಯರು ಖಡಾಖಂಡಿತವಾಗಿ ಹೇಳಿದ್ದರು. ತಾಯಿ ಹುಲಿಗವ್ವ ಸಿದ್ದಾಪುರದ ಸಸಿ ನರ್ಸರಿಯಲ್ಲಿ ಕೂಲಿ ಮಾಡುತ್ತಿದ್ದರು. ಅವ್ವನ ಕೆಲಸಕ್ಕೆ ಅನುಕೂಲವಾಗಲೆಂದು ಶ್ವೇತಾ ಸಸಿಗಳಿಗೆ ನೀರು ಬಿಡುವ ಯಂತ್ರ ಮಾಡಿ, ಅದರ ಮೈಕ್ರೊಕಂಟ್ರೋಲರಿಗೆ ಪ್ರೋಗ್ರಾಂ ಬರೆದಿದ್ದರು. ಗುಂಡಿ ಒಂದೇ; ಒಮ್ಮೆ ಒತ್ತಿದರೆ ತುಂತುರು, ಮತ್ತೊಮ್ಮೆ ಒತ್ತಿದರೆ ಹನಿ, ಮೂರನೆಯ ಸಲಕ್ಕೆ ನೀರು ಬಂದ್. ಗುರುಗಳು ಹತ್ತು ಸಲ ಒತ್ತಿ ನೋಡಿ ಸಹಿ ಹಾಕಿದ್ದರು.

ಹೊರಗಿನಿಂದ ಬಂದ ಪರೀಕ್ಷಕರು, ಬಳಸುವವರೇ ಒತ್ತಿ ತೋರಿಸಲಿ ಎಂದು ಮಗಳ ಜೊತೆ ಬಂದು ಪಡಸಾಲೆಯಲ್ಲಿ ಕುಳಿತಿದ್ದ ಹುಲಿಗವ್ವನವರನ್ನು ಕರೆಸಿದರು. ಅವರು ಗುಂಡಿಯ ಮೇಲೆ ಹೆಬ್ಬೆರಳು ಊರಿದರು, ಎತ್ತಲಿಲ್ಲ. ತುಂತುರು, ಹನಿ, ಬಂದ್, ಮತ್ತೆ ತುಂತುರು ಎಂದು ಸರದಿ ತೋರಿಸುವ ದೀಪಗಳು ಒಂದೇ ಸಮನೆ ಓಡತೊಡಗಿದವು.

"ಕೈ ತಗೀರಿ ಅಮ್ಮಾ," ಎಂದರು ಪರೀಕ್ಷಕರು.

"ಮೋಟರ್ ಹಿಡಿಯೋ ಮಟ ಹೆಂಗ ತಗೀಲಿರಿ?" ಎಂದರು ಹುಲಿಗವ್ವ.

ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಮೋಟರು ಹಿಡಿಯುವವರೆಗೂ ಹಸಿರು ಗುಂಡಿಯನ್ನು ಒತ್ತಿಯೇ ಇರಬೇಕೆಂಬುದು ನಮ್ಮ ಸೀಮೆಯ ಕೈಗಳಿಗೆಲ್ಲ ಮೈಗೂಡಿದ ಪಾಠ. ಬಳಸಲು ಬಾರದವರ ತಪ್ಪೆಂದು ಹೇಳಿ ಗುರುಗಳು ಜಾರಿಕೊಳ್ಳಬಹುದಿತ್ತು. ಅವರಿಗೆ ಸಿಟ್ಟೇನೋ ಬಂತು. ಬಂದದ್ದು ತಮ್ಮ ಮೇಲೆಯೇ.

"ಆ ತಾಯಿದೂ ತಪ್ಪಲ್ರಿ, ಹುಡುಗಿದೂ ತಪ್ಪಲ್ರಿ. ಪಟಕ್ನ ಒತ್ತಿ ಪಟಕ್ನ ಬಿಟ್ಟು ಸಹಿ ಮಾಡಿದವ ನಾನು. ಒಂದು ತಾಸು ಕೊಡ್ರಿ," ಎಂದು ತಮಗಿಂತ ಕಿರಿಯರಾದ ಪರೀಕ್ಷಕರ ಮುಂದೆ ಕೈ ಜೋಡಿಸಿದರು.

ಬೆರಳು ಎತ್ತಿದಾಗ ಸರದಿ ಬದಲಾಗುವಂತೆ ಶ್ವೇತಾ ಮೊದಲು ತಿದ್ದಿದರು. ಏನೂ ಆಗಲಿಲ್ಲವೆಂದು ಹುಲಿಗವ್ವ ಇನ್ನಷ್ಟು ಬಿಗಿಯಾಗಿ ಒತ್ತಿದರು! ಆಗ ಗುರುಗಳೇ ನಕ್ಕು, "ಒತ್ತಿದ ಕೂಡ್ಲೆ ಒಮ್ಮಿ ಬದಲಾಗ್ಲಿ. ಬೆರಳು ಎತ್ತೋ ಮಟ ಮತ್ತ ಬದಲಾಗಬಾರದು," ಎಂದರು. ಎರಡೇ ಸಾಲಿನ ತಿದ್ದುಪಡಿ. ಈ ಸಲ ಹುಲಿಗವ್ವ ಮನಸಾರೆ ಒತ್ತಿ ಹಿಡಿದರೂ ತುಂತುರು ತುಂತುರಾಗಿಯೇ ನಿಂತಿತು. ಶ್ವೇತಾ ಪಾಸಾದರು, ಮುಂದೆ ಓದಿದರು.

ಈ ಗ್ರಂಥಕ್ಕಾಗಿ ನೆನಪುಗಳನ್ನು ಕೂಡಿಸುತ್ತಿದ್ದಾಗ, ಗುರುಗಳ ಬಗ್ಗೆ ಏನು ಬರೆಯಲಿ ಎಂದು ಶ್ವೇತಾ ಅವ್ವನನ್ನು ಕೇಳಿದರು. ತಮ್ಮ ಓದು ಉಳಿದ ಮಾತೇ ಬರುತ್ತದೆಂದು ಶ್ವೇತಾ ಎಣಿಸಿದ್ದರು. ಹುಲಿಗವ್ವ ಹೇಳಿದ್ದು ಬೇರೆಯೇ:

"ಅವತ್ತು ನೀ ನಪಾಸಾಗಿದ್ರ, ನನ್ನ ಕೈಯಿಂದ ಮಗಳ ಸಾಲಿ ಮುರೀತು ಅಂತ ನಾ ಸಾಯೋ ಮಟ ಅಳತಿದ್ದೆ. ಆ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರಲ್ಲ, ಆ ಪುಣ್ಯಾತ್ಮಗ ನನ್ನ ಆಯುಷ್ಯನೂ ಹತ್ತಲಿ ಅಂತ ಬರಿ."

ಹಾಗೆಯೇ ಬರೆದಿದೆ. ಗುರುಗಳು ಶತಾಯುಷಿಗಳಾಗಿ, ನಮ್ಮ ಪ್ರಯೋಗಶಾಲೆಗೆ ಆಗಾಗ ಬಂದು ಬೈಯುತ್ತಿರಲಿ.