ಲಗಮಪ್ಪ ಮಾಸ್ತರರ ಜ್ಯಾ, ಮಲಕಪ್ಪನ ಗಾಲಿ

ಮುಂಡಗೋಡದ ನಮ್ಮ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸುತ್ತಿದ್ದ ಲಗಮಪ್ಪ ಮಾಸ್ತರರಿಗೆ ಸಿಟ್ಟು ಬರಿಸುವುದು ಬಹಳ ಸುಲಭ. "ಸರ, ಇದು ಯಾವ ಕೆಲಸಕ್ಕ ಬರ್ತೈತ್ರಿ?" ಎಂದು ಕೇಳಿದರೆ ಸಾಕು. ಮೂಗಿನ ತುದಿ ಕೆಂಪಾಗುತ್ತಿತ್ತು, ಕೈಯಲ್ಲಿದ್ದ ಸೀಮೆಸುಣ್ಣದ ಖಡು ಎರಡು ತುಂಡಾಗುತ್ತಿತ್ತು, ಆ ದಿನದ ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಮನೆಗೆಲಸ ಮಾಡಿ ಬಾರದ ದಿನ ನಾವು ತಪ್ಪದೆ ಇದನ್ನೇ ಕೇಳುತ್ತಿದ್ದೆವು. ಮಾಸ್ತರರಿಗೂ ಉತ್ತರ ಗೊತ್ತಿಲ್ಲ ಎಂಬುದು ನಮ್ಮ ಮಂದ ಬುದ್ಧಿಗೆ ಹೊಳೆದಿರಲಿಲ್ಲ. ಹದಿನೆಂಟು ವರ್ಷ ಸ್ಪರ್ಶಕ, ಛೇದಕ, ಜ್ಯಾ ಎಂದು ಒದರಿದವರು ಒಂದು ದಿನವೂ ಅವನ್ನು ತರಗತಿಯ ಹೊರಗೆ ಕಂಡಿರಲಿಲ್ಲ.

೧೯೬೨ರ ಚಳಿಗಾಲದಲ್ಲಿ ಅದೇ ಪ್ರಶ್ನೆಯನ್ನು ಚಿಗಳ್ಳಿಯ ರೈತ ಮಲಕಪ್ಪ ಕೇಳಿದ. ಅವನ ಮಗಳು ಮಾಲವ್ವ ನಮ್ಮ ತರಗತಿಯಲ್ಲಿದ್ದಳು. ಗಣಿತದಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕಿದವಳು. ಅವಳನ್ನು ಶಾಲೆ ಬಿಡಿಸಿ ಸನವಳ್ಳಿಗೆ ಮದುವೆ ಮಾಡಿ ಕೊಡುತ್ತಾರೆಂಬ ಸುದ್ದಿ ಬಂತು. ಮಾಸ್ತರರು ಬುದ್ಧಿ ಹೇಳಲು ಚಿಗಳ್ಳಿಗೆ ಹೊರಟರು, ನಾವು ನಾಲ್ಕು ಜನ ತಮಾಷೆ ನೋಡಲು ಬೆನ್ನು ಹತ್ತಿದೆವು.

ಮಲಕಪ್ಪ ಅಂಗಳದಲ್ಲಿ ಸಿಡಿಮಿಡಿ ಎನ್ನುತ್ತ ಕೂತಿದ್ದ. ಮೂರು ದಿನದ ಹಿಂದೆ ಅವನ ಚಕ್ಕಡಿ ಎಡಕ್ಕೆ ವಾಲಿ ಹಳ್ಳಕ್ಕೆ ಬಿದ್ದು ಎಡಗಾಲಿ ಚೂರುಚೂರಾಗಿತ್ತು. ಹೆಂಡತಿ ಗುರುಸಿದ್ದವ್ವ ಆ ಚೂರುಗಳನ್ನು ಒಲೆಗೆ ಹಾಕಿ ಮನೆಮಂದಿಗೆಲ್ಲ ಬಿಸಿನೀರು ಕಾಯಿಸಿದ್ದಳು. ಗಾಲಿಯ ಅಂಚಿನ ಒಂದು ಬಾಗಿದ ತುಂಡು ಮಾತ್ರ ಉಳಿದಿತ್ತು. ಹೊಸ ಗಾಲಿ ಮಾಡಬೇಕಾದ ಬಡಿಗ ದುರ್ಗಪ್ಪ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ.

"ಎಲ್ಲಾ ಆ ಎಡಗಡೆ ಎತ್ತಿನ ಕಿತಾಪತಿ," ಎಂದ ಮಲಕಪ್ಪ. "ಎಂಟ ವರ್ಷ ಆತು, ಎಷ್ಟ ಹೊಡದ್ರೂ ಚಕ್ಕಡಿ ಎಡಕ್ಕ ಎಳೀತೈತಿ. ಮೈಗಳ್ಳ!"

ಮಾಸ್ತರರು ಮಾಲವ್ವನ ಮಾತು ತೆಗೆದರು.

"ನಿಮ್ಮ ಆ ದುಂಡನ ಗೆರಿ ಯಾವ ಕೆಲಸಕ್ಕ ಬರ್ತಾವ್ರಿ ಮಾಸ್ತರ?" ಎಂದ ಮಲಕಪ್ಪ. "ಒಂದ ಕೆಲಸ ತೋರಸ್ರಿ, ಹುಡುಗಿ ಮ್ಯಾಟ್ರಿಕ್ ತನಕಾ ಓದ್ಲಿ. ಇಲ್ಲಂದ್ರ ಸೋಮಾರ ಸನವಳ್ಳಿಯವ್ರು ನೋಡಾಕ ಬರ್ತಾರ."

ಮಾಸ್ತರರ ಮೂಗು ಕೆಂಪಾಯಿತು. ಕೈಯಲ್ಲಿ ಮುರಿಯಲು ಖಡು ಇರಲಿಲ್ಲ. ಅವರ ಕಣ್ಣು ಆ ತುಂಡಿನ ಮೇಲೆ ಬಿತ್ತು.

"ಗಾಲಿ ಎಷ್ಟ ದೊಡ್ಡದಿತ್ತು ಅನ್ನೂದನ್ನ ಇದೊಂದ ತುಂಡಿನ ಮ್ಯಾಲೆ ಹೇಳ್ತೇನಿ. ಮಾಲವ್ವಾ, ದಾರ ತಾ!"

ಮಾಲವ್ವ ತುಂಡಿನ ತುದಿಯಿಂದ ತುದಿಗೆ ದಾರ ಬಿಗಿದಳು: ಮೂವತ್ತಾರು ಇಂಚು. ದಾರದ ನಡುವಿನಿಂದ ಬಾಗಿದ ಅಂಚಿನವರೆಗೆ ಆರು ಇಂಚು. ಮಾಸ್ತರರು ಧೂಳಿನಲ್ಲಿ ವೃತ್ತ ಬರೆದು, ಅಂಚಿನಿಂದ ಅಂಚಿಗೆ ಒಂದನ್ನೊಂದು ಕತ್ತರಿಸುವ ಎರಡು ಗೆರೆ, ಅಂದರೆ ಜ್ಯಾ, ಎಳೆದರು: ಒಂದು ದಾರದ್ದು, ಇನ್ನೊಂದು ದಾರದ ನಡುವನ್ನು ಕತ್ತರಿಸಿ ಕೇಂದ್ರದ ಮೂಲಕ ಹಾಯುವ ವ್ಯಾಸ. ಒಂದರ ಎರಡು ತುಂಡುಗಳ ಗುಣಲಬ್ಧ ಇನ್ನೊಂದರ ತುಂಡುಗಳ ಗುಣಲಬ್ಧಕ್ಕೆ ಸಮ. ಹದಿನೆಂಟು ಹದಿನೆಂಟಲೆ ಮುನ್ನೂರ ಇಪ್ಪತ್ನಾಲ್ಕು, ಆರರಿಂದ ಭಾಗಿಸಿದರೆ ಐವತ್ನಾಲ್ಕು, ಅದಕ್ಕೆ ಆರು ಕೂಡಿಸು.

"ಅರವತ್ತ ಇಂಚು! ಪೂರಾ ಐದ ಫೂಟು!" ಎಂದು ಅವರು ಕೂಗಿದ ಅಬ್ಬರಕ್ಕೆ ಕೋಳಿಗಳು ದಿಕ್ಕಾಪಾಲಾದವು.

ದುರ್ಗಪ್ಪ ಎಲೆ ಉಗುಳಿ, "ಬಲಗಾಲಿ ಅಲ್ಲೇ ಐತಲ್ರಿ," ಎಂದ. "ಅದನ್ನ ಅಳದ್ರ ಆತಲ್ಲ?"

ಅಷ್ಟು ಹೊತ್ತೂ ಬಲಗಾಲಿ ನಮ್ಮ ಕಣ್ಣ ಮುಂದೆಯೇ ಗೋಡೆಗೆ ಆತುಕೊಂಡು ನಿಂತಿತ್ತು. ದುರ್ಗಪ್ಪ ಗಾಲಿಯ ಸುತ್ತಲಿನ ಕಬ್ಬಿಣದ ಪಟ್ಟಿ ಬಿಟ್ಟು ಬರೀ ಕಟ್ಟಿಗೆಯನ್ನು ಅಡ್ಡಕ್ಕೆ ಅಳೆದ. ಅರವತ್ಮೂರು ಇಂಚು.

ಮಲಕಪ್ಪ ತೊಡೆ ತಟ್ಟಿ ನಕ್ಕ. "ಮೂರ ಇಂಚ ಸುಳ್ಳ! ಇದಕ್ಕ ಸಾಲಿ ಬ್ಯಾರೆ!"

ಮಾಸ್ತರರು ಕಟ್ಟೆಯ ಮೇಲೆ ಕುಸಿದು ಕೂತರು. ತಮಾಷೆ ನೋಡಲು ಹೋದ ನಾವು ಯಾರೂ ನಗಲಿಲ್ಲ. ಶಾಲೆಯಲ್ಲಿ ಆ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವನು ನಾನೇ, ನನಗೆ ನಾಚಿಕೆಯಾಯಿತು.

ಮಾಲವ್ವ ಮಾತ್ರ ದಾರ ಹಿಡಿದು ಮತ್ತೆ ಅಳೆದಳು. ಮತ್ತೆ ಅರವತ್ತೇ ಬಂತು. ಆಮೇಲೆ ಆ ತುಂಡನ್ನು ಎತ್ತಿ ಬಲಗಾಲಿಯ ಮೇಲೆ ಅಂಚಿಗೆ ಅಂಚು ಹೊಂದಿಸಿ ಹಿಡಿದಳು. ತುದಿಗಳೆರಡೂ ಕೂಡಿದವು, ನಡು ಅರ್ಧ ಬೆರಳು ಹೊರಗೆ ಚಾಚಿತು.

"ಲೆಕ್ಕ ಖರೆ ಐತ್ರಿ ಸರ. ಎರಡೂ ಗಾಲಿನ ಒಂದ ಅಳತಿವು ಅಲ್ರಿ."

ದುರ್ಗಪ್ಪ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದ. "ಹೌದ್ರೀ ಮಲಕಪ್ಪಣ್ಣಾ, ಎಡಗಾಲಿ ಸಣ್ಣದು. ಇದನ್ನ ಎಲ್ಲಿಂದ ತಂದಿದ್ರಿ?"

"ಹಳಿಯಾಳ ಸಂತ್ಯಾಗ," ಎಂದ ಮಲಕಪ್ಪ, ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ಗುರುಸಿದ್ದವ್ವ ಕೂಡ ಕೇಳಿರಲಿಕ್ಕಿಲ್ಲ. "ಎಂಟ ವರ್ಷದ ಹಿಂದ."

ಎಲ್ಲರೂ ಎಡಗಡೆಯ ಎತ್ತಿನ ಕಡೆ ತಿರುಗಿದೆವು. ಅದು ಮೆಲುಕು ಹಾಕುತ್ತ ಮಲಗಿತ್ತು. ಅದರ ಬೆನ್ನ ಮೇಲಿನ ಬಾಸುಂಡೆಗಳು ಅಂಗಳದ ಈ ತುದಿಗೂ ಕಾಣುತ್ತಿದ್ದವು.

ಮಲಕಪ್ಪ ಎದ್ದು ಹೋಗಿ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ. ಬಹಳ ಹೊತ್ತು ಅದರ ಕೊರಳು ತುರಿಸುತ್ತಲೇ ಇದ್ದ. ಆಮೇಲೆ ನಮ್ಮ ಕಡೆ ತಿರುಗದೆಯೇ ಹೇಳಿದ:

"ಸನವಳ್ಳಿಯವ್ರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ತೇನ್ರಿ, ಮಾಸ್ತರ. ಮಾಲವ್ವಾ, ನೀ ಓದವಾ. ನಾ ಇನ್ನೂ ಯಾರ್ಯಾರ್ನ ಹಿಂಗ ಹೊಡದೇನೋ, ಲೆಕ್ಕಾ ಮಾಡಿ ಹೇಳಾಕ ಮನ್ಯಾಗ ಒಬ್ಬರು ಬೇಕ."