ಟೈಪಿಂಗ್ ಕ್ಲಾಸಿನ ಮೆಟ್ಟಿಲು

ಕೆ.ಆರ್. ನಗರದಲ್ಲಿ ಹುಡುಗರಿಗೆ ಜಾಗಕ್ಕೇನೂ ಬರವಿರಲಿಲ್ಲ. ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚು ಅವರದು, ಹೊಳೆದಂಡೆಯ ಮೆಟ್ಟಿಲು ಅವರದು, ಸೈಕಲ್ ಶಾಪಿನ ಮುಂದಿನ ಹಳೇ ಟೈರುಗಳ ರಾಶಿಯೂ ಅವರದೇ. ನನ್ನ ಅಣ್ಣ ಸಂಜೆ ಚಪ್ಪಲಿ ಮೆಟ್ಟಿ ಹೊರಟರೆ ಎಲ್ಲಿಗೆ ಎಂದು ಕೇಳುವವರೇ ಇರಲಿಲ್ಲ. ನಾನು ಹೊಸ್ತಿಲು ದಾಟಿದರೆ ಅಮ್ಮ, ಅಜ್ಜಿ, ಸಾಲದ್ದಕ್ಕೆ ಎದುರುಮನೆಯ ಅತ್ತೆ, ಮೂವರಿಗೂ ಉತ್ತರ ಕೊಟ್ಟು ಹೋಗಬೇಕಿತ್ತು. ಈಗ ನೆನೆಸಿಕೊಂಡರೂ ನನಗೆ ಮೈ ಉರಿಯುತ್ತದೆ.

ಹುಡುಗಿಯರಿಗೆ ಊರು ಬಿಟ್ಟುಕೊಟ್ಟಿದ್ದು ಒಂದೇ ಜಾಗ, ಟೈಪಿಂಗ್ ಕ್ಲಾಸು. ಅದು ತೊಂಬತ್ತರ ದಶಕದ ಶುರು. ಟೈಪಿಂಗ್ ಕಲಿತವರಿಗೆ ಸರ್ಕಾರಿ ಕೆಲಸ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಆ ಹೆಸರು ಎತ್ತಿದರೆ ಅಜ್ಜಿಯೂ ತೆಪ್ಪಗಾಗುತ್ತಿದ್ದಳು. ಗೊಬ್ಬರದ ಅಂಗಡಿಯ ಮೇಲೆ ಒಂದು ಉದ್ದನೆಯ ಕೋಣೆ, ಗೋಡೆಗಂಟಿಸಿದ ಬೆಂಚುಗಳ ಮೇಲೆ ಹತ್ತು ಯಂತ್ರ, ಕೈಯಲ್ಲಿ ಮರದ ಸ್ಕೇಲು ಹಿಡಿದ ಮೇಷ್ಟ್ರು. ಕೆಳಗಿನಿಂದ ಗೊಬ್ಬರದ ಘಾಟು, ಮೇಲೆ ರಿಬ್ಬನ್ನಿನ ಮಸಿ ವಾಸನೆ. ಮನೆಗೆ ಹೋದ ಮೇಲೂ ಬೆರಳುಗಳು ಊಟದ ತಟ್ಟೆಯ ಮೇಲೆ ತಾವೇ ಕುಣಿಯುತ್ತಿದ್ದವು.

ನಿಜ ಹೇಳಬೇಕೆಂದರೆ ನಾನು ಹೋಗುತ್ತಿದ್ದುದು ಟೈಪಿಂಗ್‌ಗಲ್ಲ, ತಾರಸಿಗೆ. ನಮ್ಮ ಬ್ಯಾಚು ನಾಲ್ಕೂವರೆಯಿಂದ ಐದೂವರೆ. ಮುಗಿದ ಮೇಲೆ ಪುಸ್ತಕದಲ್ಲಿ ಹೊರಟ ಹೊತ್ತು ಬರೆದು, ಸಹಿ ಹಾಕಿ ಮನೆಗೆ ಹೋಗಬೇಕೆಂದು ಮೇಷ್ಟ್ರ ಕಟ್ಟಪ್ಪಣೆ. ನಾವು ಸಹಿ ಹಾಕಿ, ಮೇಷ್ಟ್ರು ಕಾಫಿಗೆಂದು ಮನೆಗೆ ಹೋಗುವುದನ್ನೇ ಕಾದು, ಕೆಳಗಿಳಿಯುವ ಬದಲು ಮೇಲಕ್ಕೆ ಹತ್ತುತ್ತಿದ್ದೆವು. ನೀರಿನ ಟ್ಯಾಂಕಿನ ನೆರಳಲ್ಲಿ ಆರೇಳು ಜನ, ಅದರಲ್ಲಿ ಇಬ್ಬರು ಹುಡುಗರು. ಪ್ರೇಮ ಗೀಮ ಏನೂ ಇರಲಿಲ್ಲ. ಸೀಬೆಹಣ್ಣಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುವುದು, ಯಾರನ್ನೋ ಅಣಕಿಸಿ ಹೊಟ್ಟೆ ಹಿಡಿದುಕೊಂಡು ನಗುವುದು, ಮೈಸೂರಿನ ಕಡೆಗೆ ಹೋಗುವ ರೈಲಿಗೆ ಕೈಬೀಸುವುದು. ಆದರೆ ಇದು ಮನೆಗೆ ಗೊತ್ತಾಗಿದ್ದರೆ ಟೈಪಿಂಗೂ ಇಲ್ಲ, ಕಾಲೇಜೂ ಇಲ್ಲ. ಅದಕ್ಕೇ ನಮ್ಮಲ್ಲೊಂದು ಒಪ್ಪಂದವಿತ್ತು. ಯಾರ ಮನೆಯವರು ಬಂದು ವಿಚಾರಿಸಿದರೂ ಹೇಳಬೇಕಾದ ಮಾತು ಒಂದೇ: ಈಗ ತಾನೆ ಹೋದಳು.

ನನ್ನ ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದವಳು ಮಿರ್ಲೆಯ ಹುಡುಗಿ. ಪಿಯುಸಿಯಲ್ಲೂ ನನ್ನ ಪಕ್ಕವೇ. ಅವಳ ಊರಿನ ಬಸ್ಸು ಆರೂವರೆಗೆ. ಅಲ್ಲಿಯವರೆಗೆ ಒಬ್ಬಳೇ ಬಸ್ ಸ್ಟ್ಯಾಂಡಿನಲ್ಲಿ ಕೂರಲಾರದೆ ಅವಳೂ ತಾರಸಿಗೆ ಬರುತ್ತಿದ್ದಳು. ಆದರೆ ಅವಳಿಗೆ ಟೈಪಿಂಗ್ ಎಂದರೆ ಆಟವಲ್ಲ. ಅವಳ ಮನೆಯಲ್ಲಿ ಅಕ್ಕಂದಿರಿಬ್ಬರಿಗೂ ಹದಿನೇಳಕ್ಕೇ ಮದುವೆ ಮಾಡಿದ್ದರು. ಇವಳು ಪರೀಕ್ಷೆ ಪಾಸು ಮಾಡಿ ಕೆಲಸಕ್ಕೆ ಅರ್ಜಿ ಹಾಕುತ್ತೇನೆಂದು ಅಪ್ಪನನ್ನು ಒಪ್ಪಿಸಿದ್ದಳು. ಪಾಸಾದರೆ ಓದು ಮುಂದುವರಿಯುತ್ತದೆ, ಇಲ್ಲದಿದ್ದರೆ ಹಸೆಮಣೆ. ಕೀಲಿಗಳ ಮೇಲೆ ಬಟ್ಟೆ ಹಾಕಿ ಮುಚ್ಚಿದರೂ ಅವಳ ಬೆರಳು ತಪ್ಪುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಪರೀಕ್ಷೆಗೆ ಎರಡು ವಾರವಿದ್ದಾಗಿನ ಮಾತು. ಅವತ್ತೂ ಅಭ್ಯಾಸದಂತೆ ಅವಳು ಹಾಳೆಗಳನ್ನು ಜೋಡಿಸಿಕೊಳ್ಳುವಷ್ಟರಲ್ಲಿ ನಾನೇ ಇಬ್ಬರ ಸಹಿಯನ್ನೂ ಗೀಚಿ, ಐದೂವರೆ ಎಂದು ಬರೆದು, ಚುರುಮುರಿ ತರಲು ಕೆಳಗಿಳಿದೆ. ಅವಳು ತಾರಸಿಗೆ ಹೋಗಿರುತ್ತಾಳೆಂದುಕೊಂಡಿದ್ದೆ. ಪೊಟ್ಟಣ ಹಿಡಿದು ಬರುವಾಗ ಮೆಟ್ಟಿಲ ಬುಡದಲ್ಲಿ ಅವಳ ಅಪ್ಪ ನಿಂತಿದ್ದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಚೀಲ. ಒಂದೆರಡು ಸಲ ನೋಡಿದ್ದೆ, ನನಗೆಂದು ಅವರೆಕಾಯಿ ಕಳಿಸಿದ್ದವರು.

"ಚೆನ್ನಾಗಿದ್ದೀಯೇನವ್ವ? ಗೊಬ್ಬರಕ್ಕೆ ಅಂತ ಬಂದಿದ್ದೆ. ನನ್ ಮಗ್ಳು ಅದೇನೋ ನೋಡ್ದೇನೆ ಕುಟ್ತಾಳಂತಲ್ಲ, ಒಂದ್ಸಲ ಕಣ್ಣಾರೆ ನೋಡವ ಅಂತ. ಮ್ಯಾಲವ್ಳಾ?"

ಮೇಲೆ ಎಂದಾಗ ಅವರ ಮನಸ್ಸಿನಲ್ಲಿದ್ದುದು ಕ್ಲಾಸಿನ ಕೋಣೆ. ನನಗೆ ಮೇಲೆ ಎಂದರೆ ತಾರಸಿ. ಯೋಚನೆಯನ್ನೇ ಮಾಡಲಿಲ್ಲ. "ಈಗ ತಾನೆ ಹೋದ್ಲು ದೊಡ್ಡಪ್ಪ, ಬಸ್ ಸ್ಟ್ಯಾಂಡಿಗೆ" ಎಂದೆ.

"ಅಂಗಾ? ಸರಿ ಬುಡು, ಅಲ್ಲೇ ಸಿಕ್ತಾಳೆ" ಎಂದು ಅವರು ಹೊರಟರು. ಮುಖ ಸ್ವಲ್ಪ ಸಪ್ಪಗಾಯಿತು, ಅದನ್ನೂ ಕಂಡೆ.

ಎಷ್ಟು ಜಾಣೆ ನಾನು ಎಂದು ಬೀಗುತ್ತ ತಾರಸಿಗೆ ಓಡಿದರೆ ಅವಳು ಅಲ್ಲಿರಲಿಲ್ಲ. ಕೆಳಗಿಳಿದು ಕೋಣೆಗೆ ಇಣುಕಿದೆ. ಮುಂದಿನ ಬ್ಯಾಚಿನಲ್ಲಿ ಒಂದು ಯಂತ್ರ ಖಾಲಿ ಇತ್ತೆಂದು, ಹುಡುಗರ ನಡುವೆ ಕೂತು, ತಲೆ ಬಗ್ಗಿಸಿ ಪಟಪಟ ಬಡಿಯುತ್ತಿದ್ದಳು. ಅಪ್ಪ ಬಂದಿದ್ದನ್ನೂ ನಾನು ಏನು ಹೇಳಿ ಕಳಿಸಿದೆ ಎಂಬುದನ್ನೂ ಹೇಳಿದೆ. ಅವಳ ಬೆರಳು ನಿಂತವು.

"ಒಳಗವ್ಳೆ ಅನ್ನಕ್ಕೆ ಏನಾಗಿತ್ತೇ ನಿಂಗೆ?"

ಚೀಲ ಬಾಚಿಕೊಂಡು ಇಳಿದಳು, ನಾನು ಹಿಂದೆ. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಹುಡುಕಿ ಆಗಲೇ ವಾಪಸು ಬಂದಿದ್ದರು. ಅವರೇನೂ ಕೂಗಾಡಲಿಲ್ಲ. "ಎಲ್ಲಿದ್ದೆ?" ಎಂದರು. ಒಳಗೇ ಇದ್ದೆ, ಟೈಪು ಮಾಡುತ್ತಿದ್ದೆ ಎಂದಳು. ಅವರು ಮೆಟ್ಟಿಲು ಹತ್ತಿ ಬಂದು ಪುಸ್ತಕ ನೋಡಿದರು. ಅವಳ ಹೆಸರಿನ ಮುಂದೆ ನನ್ನ ಕೈಬರಹದಲ್ಲಿ ಐದೂವರೆ. ಗಡಿಯಾರದಲ್ಲಿ ಆರು ದಾಟಿತ್ತು. ಕಾಫಿಗೆ ಹೋದ ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಪಾಪ, ಒಬ್ಬ ಹುಡುಗ ಎದ್ದು ನಿಂತು, "ಇಲ್ಲೇ ಇದ್ರು ಕಣಣ್ಣ, ನಾನೇ ನೋಡ್ದೆ" ಎಂದ. ಆ ಹುಡುಗನ ಸಾಕ್ಷಿ ಅವಳನ್ನು ಇನ್ನಷ್ಟು ಮುಳುಗಿಸಿತು. ಅಪ್ಪ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನನ್ನ ಕಡೆ ತಿರುಗಿದರು.

"ನೀನು ಹೇಳವ್ವ. ನೀ ಹೇಳುದ್ರೆ ನಂಬ್ತೀನಿ. ನನ್ ಮಗ್ಳು ಇಲ್ಲೇ ಇದ್ಲಾ?"

ಅವಳು ನನ್ನನ್ನೇ ನೋಡುತ್ತಿದ್ದಳು. ಹೌದು ಎಂದರೆ ಮೊದಲು ಯಾಕೆ ಸುಳ್ಳು ಹೇಳಿದೆ ಎಂಬ ಪ್ರಶ್ನೆ ಬರುತ್ತದೆ. ತಾರಸಿ ಬಯಲಾಗುತ್ತದೆ, ದೀಪ ಹಚ್ಚುವಷ್ಟರಲ್ಲಿ ನಮ್ಮಮ್ಮನ ಕಿವಿಗೆ ಬೀಳುತ್ತದೆ. ಇಷ್ಟೆಲ್ಲ ಲೆಕ್ಕಾಚಾರ ಹಾಕಲು ನನಗೆ ಹೊತ್ತೇ ಹಿಡಿಯಲಿಲ್ಲ ನೋಡಿ. "ನಂಗೊತ್ತಿಲ್ಲ ದೊಡ್ಡಪ್ಪ. ನಾನು ಚುರುಮುರಿ ತರಕ್ಕೆ ಹೋಗಿದ್ದೆ" ಎಂದೆ.

ಮರುದಿನದಿಂದ ಅವಳು ಬರಲಿಲ್ಲ, ಕ್ಲಾಸಿಗೂ, ಕಾಲೇಜಿಗೂ. ಮಿರ್ಲೆ ಬಸ್ಸಿಗೆ ಅರ್ಧ ಗಂಟೆಯ ದಾರಿ. ಹೋಗಿ ನಿಜ ಹೇಳೋಣವೆಂದು ದಿನವೂ ಅಂದುಕೊಂಡೆ. ನಾಳೆ, ನಾಡಿದ್ದು ಎನ್ನುತ್ತ ಪರೀಕ್ಷೆಯೇ ಬಂತು. ಪರೀಕ್ಷೆಗೆ ನಮ್ಮ ನಮ್ಮ ಯಂತ್ರಗಳನ್ನೇ ಟೆಂಪೋದಲ್ಲಿ ಮೈಸೂರಿಗೆ ಸಾಗಿಸುತ್ತಿದ್ದರು, ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿ. ಕೊನೇ ಗಳಿಗೆಯಲ್ಲಿ ಬಂದರೂ ಬರಬಹುದೆಂದು ಮೇಷ್ಟ್ರು ಅವಳ ಯಂತ್ರವನ್ನೂ ಹೇರಿಸಿದ್ದರು. ಅದು ಚೀಟಿಯ ಸಮೇತ ಹಾಗೇ ವಾಪಸು ಬಂತು. ನಾನು ಪಾಸಾದೆ. ಆರೇ ತಿಂಗಳಲ್ಲಿ ಅವಳನ್ನು ಸಾಲಿಗ್ರಾಮದ ಕಡೆಗೆ ಮದುವೆ ಮಾಡಿಕೊಟ್ಟರೆಂದು ಕೇಳಿದೆ. ಆ ಸರ್ಟಿಫಿಕೇಟಿನ ಬಲದಿಂದಲೇ ನನಗೆ ಮುಂದೆ ನಮ್ಮೂರಲ್ಲೇ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸವಾಯಿತು. ಮೊದಲ ದಿನ ಯಂತ್ರದ ಮುಂದೆ ಕೂತಾಗ ಇದು ಅವಳ ಕುರ್ಚಿ ಎನಿಸಿತು. ಆದರೂ ಕೂತೆ, ಇವತ್ತಿಗೂ ಅದೇ ಸಂಬಳದಲ್ಲಿ ಉಣ್ಣುತ್ತಿದ್ದೇನೆ.

ಹದಿನೇಳು ಹದಿನೆಂಟು ವರ್ಷ ಕಳೆದವು. ಕಚೇರಿಗೆ ಕಂಪ್ಯೂಟರ್ ಬಂದು, ನಾವೂ ಕಲಿಯಬೇಕೆಂದರು. ವಿಚಾರಿಸಿದರೆ ಕ್ಲಾಸು ನಡೆಯುತ್ತಿದ್ದುದು ಅದೇ ಗೊಬ್ಬರದ ಅಂಗಡಿಯ ಮೇಲೆ. ಸಂಜೆ ಹೋದೆ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಅವಳೇ. ಕೂದಲು ಮುಂದೆ ನರೆತಿತ್ತು. ಗುರುತು ಹಿಡಿದು, ಸರಿದು ಜಾಗ ಬಿಟ್ಟಳು. ಮಗಳನ್ನು ಕಂಪ್ಯೂಟರಿಗೆ ಸೇರಿಸಿದ್ದಾಳಂತೆ. ಸಾಲಿಗ್ರಾಮದಿಂದ ದಿನಾ ಜೊತೆಯಲ್ಲಿ ಬಂದು, ಮುಗಿಯುವ ತನಕ ಇಲ್ಲೇ ಕೂತಿರುತ್ತಾಳಂತೆ.

"ಅಷ್ಟು ದೊಡ್ಡ ಹುಡುಗಿಗೆ ಕಾವಲಾ?" ಎಂದೆ, ಏನಾದರೂ ಆಡಬೇಕಲ್ಲ ಎಂದು.

"ಕಾವಲಲ್ಲ ಕಣೆ. ಯಾರಾರ ಬಂದು ಕೇಳುದ್ರೆ, ಒಳಗವ್ಳೆ ಅಂತ ಹೇಳಕ್ಕೆ ಒಬ್ರು ಬೇಕಲ್ಲ."

ಅವಳು ಬಿಟ್ಟ ಜಾಗದಲ್ಲಿ ಕೂತೆ. ಇಷ್ಟು ವರ್ಷ ಹೊತ್ತು ತಿರುಗಿದ ಮಾತು ಹೇಗೋ ಹೊರಬಿತ್ತು: "ಅವತ್ತು ನಾನು ಹೇಳ್ಬೇಕಾಗಿತ್ತು."

ಬುಡು, ಆಗಿದ್ದಾಯ್ತು ಎನ್ನುತ್ತಾಳೆಂದು ಕಾದೆ. ನಮ್ಮ ಕಡೆ ಎಲ್ಲರೂ ಎಲ್ಲದಕ್ಕೂ ಹಾಗನ್ನುತ್ತಾರೆ.

"ಹೂಂ. ಹೇಳ್ಬೇಕಾಗಿತ್ತು" ಎಂದಳು.