ಹೊಸ್ತಿಲ ಮೇಲಿನ ಪೀಠಿಕೆ

೧೯೫೬ರ ನವೆಂಬರ್ ಒಂದರಂದು ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಇಷ್ಟಕ್ಕೆ ಸರ್ಕಾರದ ಕಾಗದವಿದೆ. ಮುಂದಿನದಕ್ಕೆ ನಾನೇ ಸಾಕ್ಷಿ. ಪತ್ರಿಕೆಗೆ ಸುದ್ದಿ ಕಳಿಸಿ ಹೊಟ್ಟೆ ಹೊರೆದವರ ಮಾತನ್ನು ಎಷ್ಟು ನಂಬಬೇಕೆಂಬುದು ನಿಮಗೆ ಬಿಟ್ಟದ್ದು.

ನಿನ್ನೆ ಅಂಗಿ ಒಗೆಯಲು ಹಾಕುವಾಗ ಜೇಬಿನಿಂದ ಅರಿಶಿನದ ಅಕ್ಕಿಕಾಳು ಉದುರಿದವು. ಹಿಂದಿನ ದಿನ ಬಸವಕಲ್ಯಾಣದಲ್ಲಿ ಮದುವೆ ಉಂಡು ಬಂದಿದ್ದೆ. ಮೂಗಿಗೆ ಹಿಡಿದೆ. ಬಹಳ ವರ್ಷದ ಹಿಂದಿನ ಇನ್ನೊಂದು ಮದುವೆ ನೆನಪಾಯಿತು: ಅದೇ ವಾಸನೆ, ಅದೇ ಮನೆ, ಅದೇ ಹೊಸ್ತಿಲು. ವಯಸ್ಸಾದವನು ಒಬ್ಬನೇ ನಿಂತು ನಗುವುದನ್ನು ಕಂಡರೆ ಮನೆಯವರು ವೈದ್ಯರ ಮಾತೆತ್ತುತ್ತಾರೆ. ಆದ್ದರಿಂದ ನಿಮ್ಮೊಡನೆ ನಗುತ್ತೇನೆ.

ಆಗ ಆ ಮನೆಯ ಯಜಮಾನರು ಶರಣಪ್ಪನವರು. ಅರಿವೆ ಅಂಗಡಿ, ಗಟ್ಟಿ ಗಂಟಲು. ರಾಜ್ಯ ಬದಲಾಗುವ ತನಕ ಉರ್ದುವಿನಲ್ಲಿ ಭಾಷಣ ಮಾಡುತ್ತಿದ್ದವರು, ಆಮೇಲೆ ಅದನ್ನೇ ಕನ್ನಡದಲ್ಲಿ ಮಾಡತೊಡಗಿದರು. ಪ್ರತಿ ಜನವರಿ ಇಪ್ಪತ್ತಾರಕ್ಕೆ ಅಂಗಡಿಯ ಕಟ್ಟೆ ಏರಿ ಸಂವಿಧಾನದ ಪೀಠಿಕೆಯನ್ನು ಓದುತ್ತಿದ್ದರು. ಓದಿ ಮುಗಿಸಿ, ಎದೆಯುಬ್ಬಿಸಿ ಹೇಳುತ್ತಿದ್ದರು: "ಇದೇನು ನಮಗ ಹೊಸಾದಲ್ಲ! ಎಂಟುನೂರು ವರ್ಷದ ಹಿಂದ ಇದೇ ಕಲ್ಯಾಣದಾಗ ಹೆಣ್ಮಕ್ಕಳು ಗಂಡಸರ ಬರಾಬರ್ ಕೂತು ಮಾತಾಡ್ಯಾರ!" ಹೆಂಗಸರು ಈ ಭಾಷಣವನ್ನು ದೂರದಲ್ಲಿ, ಅವರ ಮನೆಯ ಮಾಳಿಗೆಯ ಮೇಲೆ ನಿಂತು ಕೇಳುತ್ತಿದ್ದರು.

ಅವರ ಮಗ ವೈಜನಾಥ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಕಾಳುಕಡಿ ಬಜಾರಿನಲ್ಲಿ ಲೆಕ್ಕ ಬರೆಯುತ್ತಿದ್ದ. ಅವನಿಗೆ ನಿಶ್ಚಯವಾದ ಹುಡುಗಿ, ಹುಮನಾಬಾದಿನ ನಮ್ಮ ಓಣಿಯ ಸುಭದ್ರಾ. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಣಿ. ಮಕ್ಕಳಿಗೆ ಅದೇ ಪೀಠಿಕೆಯನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಓಣಿಯ ಗಿಳಿಗೂ ಅರ್ಧ ಬರುತ್ತಿತ್ತು ಎಂದರೆ ನನ್ನ ಸಂಪಾದಕರು ಹೊಡೆದುಹಾಕುತ್ತಿದ್ದರು, ಆದರೆ ಬರುತ್ತಿತ್ತು. ಮದುವೆಯಾದ ಮೇಲೆ ನೌಕರಿ ಬಿಡಬೇಕೇ? ಅವಳಿಗಿದ್ದ ಚಿಂತೆ ಅದೊಂದೇ. ಕೇಳಿದಾಗಲೆಲ್ಲ ಶರಣಪ್ಪನವರು "ಮದಿವಿ ಆಗಲಿ, ಆಮ್ಯಾಲ ನೋಡೋಣು" ಅನ್ನುತ್ತಿದ್ದರು. ನಮ್ಮ ಕಡೆ 'ನೋಡೋಣು' ಅಂದರೆ ಇಲ್ಲ.

ಮದುವೆ ಆಯಿತು. ಮನೆ ತುಂಬಿಸಿಕೊಳ್ಳುವ ಹೊತ್ತು. ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರು, ಅತ್ತೆಯ ಕೈಯಲ್ಲಿ ಆರತಿ, ಬಾಗಿಲಿಗೆ ಅಡ್ಡಲಾಗಿ ನಾದಿನಿ ಕಸ್ತೂರಿ. ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳಿದರೆ ಮಾತ್ರ ಸೊಸೆಗೆ ದಾರಿ. ಅದೇ ಒಡಪು.

"ಒಡಪು ಹೇಳ್ರಿ ವೈನಿ. ಹಳೇದು ನಡಿಯಂಗಿಲ್ಲ ಮತ್ತ!" ಎಂದಳು ಕಸ್ತೂರಿ.

ಸುಭದ್ರಾ ತಲೆ ಎತ್ತಿದಳು:

"ನ್ಯಾಯದ ಹಣತಿ, ಸ್ವಾತಂತ್ರ್ಯದ ಬತ್ತಿ, ಸಮಾನತೆಯ ಎಣ್ಣಿ ಹೊಯ್ದು,
ವೈಜನಾಥರಾಯರ ಹೆಸರು ಹೇಳ್ತೀನಿ, ಬಂಧುತ್ವದ ದೀಪ ಹಿಡಿದು."

ಚಪ್ಪಾಳೆ ಬಿತ್ತು. ವಾಜಂತ್ರಿಯವರು ಊದಿದರು. ಕಸ್ತೂರಿ ಪಕ್ಕಕ್ಕೆ ಸರಿದಳು. ಸುಭದ್ರಾ ಮಾತ್ರ ನಿಂತಲ್ಲೇ ನಿಂತಳು. ವಾಜಂತ್ರಿ ತಾನಾಗಿ ನಿಂತಿತು.

"ಯಾಕವ್ವಾ, ಬಾ ಒಳಗ" ಎಂದರು ಅತ್ತೆ.

"ಬರ್ತೀನ್ರಿ ಅತ್ತಿ. ಮಾವಾರು ಒಂದು ಮಾತು ಹೇಳಲಿ. ಸೋಮವಾರ ನಾ ಸಾಲಿಗಿ ಹೋಗಬೇಕೋ ಬ್ಯಾಡೋ?"

"ಇದೇನು ಹೊಸ್ತಿಲದಾಗ ಕೇಳೂ ಮಾತೇನವ್ವಾ?" ಶರಣಪ್ಪನವರ ಗಟ್ಟಿ ಗಂಟಲು ಅವತ್ತು ಕೀರಲಾಗಿತ್ತು. "ಮಂದಿ ನೋಡಾಕತ್ತಾರ!"

"ಮಂದಿ ಮುಂದನ ನೀವು ಹೇಳೀರಲ್ರಿ ಮಾವಾರ, ಎಂಟುನೂರು ವರ್ಷದ ಹಿಂದ ಕಲ್ಯಾಣದಾಗ ಹೆಣ್ಮಕ್ಕಳು ಬರಾಬರ್ ಮಾತಾಡ್ಯಾರ ಅಂತ. ಅವರು ಹೊರಗ ನಿಂತು ಮಾತಾಡಿದ್ರೋ, ಒಳಗ ಕೂತೋ?"

ಮಾಳಿಗೆಯ ಮೇಲಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಆರತಿಯ ದೀಪ ಗಾಳಿಗೆ ಹೊಯ್ದಾಡುತ್ತಿತ್ತು. ಹಿತ್ತಲಲ್ಲಿ ಹುಗ್ಗಿ ಆರುತ್ತಿತ್ತು. ಹಸಿದ ಬೀಗರಿಗೆ ಸಮಾನತೆಯ ಬಗ್ಗೆ ಒಮ್ಮೆಲೇ ಒಲವು ಮೂಡಿತ್ತು. "ಹೂಂ ಅನ್ರಿ ಸಾವ್ಕಾರ, ಹೊಟ್ಟಿ ಹಸದದ" ಎಂದು ಯಾರೋ ಕೂಗಿದರು. ಅದು ನಾನಾಗಿರಲೂಬಹುದು.

ಶರಣಪ್ಪನವರು ಮಗನ ಕಡೆ ನೋಡಿದರು. "ನೀ ಏನಂತಿ? ಹೇಳು."

ವೈಜನಾಥ ಕೆಮ್ಮಿದ. ನಾಚಿಕೆಯ ಹುಡುಗ, ನಾನು ಕೇಳಿದ ಅವನ ಅತಿ ಉದ್ದದ ಮಾತು ಇದೇ:

"ಹುಮನಾಬಾದ್ ಬಸ್ಸಿನಾಗ ಇಬ್ಬರು ಕೂಡೂ ಸೀಟು,
ಸುಭದ್ರಾನ ಹೆಸರು ಹೇಳ್ತೀನಿ, ತಗೀತೀನಿ ಎರಡು ಟಿಕೀಟು."

ಅಪ್ಪನ ಮೀಸೆ ಮೊದಲು ನಡುಗಿತು, ಆಮೇಲೆ ಹೊಟ್ಟೆ. "ಮಂಜೂರ್!" ಎಂದು ನಗುತ್ತ ಕೂಗಿದರು. "ಮಂಜೂರ್ ಅದ ಮಾರಾಯ್ತಿ, ಒಳಗ ಬಾ!" ಸುಭದ್ರಾ ಸೇರನ್ನು ಒದ್ದ ರಭಸಕ್ಕೆ ಅಕ್ಕಿ ನಡುಮನೆಯ ತನಕ ಹಾರಿತು.

ನಾನು ಇದನ್ನೆಲ್ಲ ಬರೆದು ಪತ್ರಿಕೆಗೆ ಕಳಿಸಿದೆ. "ಬಸವಕಲ್ಯಾಣದಲ್ಲಿ ವಿವಾಹ ನೆರವೇರಿತು" ಎಂದಷ್ಟೇ ಅಚ್ಚಾಯಿತು. ಹೊಸ್ತಿಲು ಸುದ್ದಿಯಲ್ಲ ಎಂದರು ಸಂಪಾದಕರು. ನಾನೂ ಬಹಳ ವರ್ಷ ಹಾಗೆಂದೇ ನಂಬಿದ್ದೆ. ಮುಂದಿನ ಜನವರಿಯಿಂದ ಶರಣಪ್ಪನವರು ಆ ಎಂಟುನೂರು ವರ್ಷದ ಮಾತಿಗೆ ಬಂದಾಗಲೆಲ್ಲ ಮಾಳಿಗೆಯತ್ತ ಒಮ್ಮೆ ನೋಡಿ, ದನಿ ತಗ್ಗಿಸುತ್ತಿದ್ದರು.

ಮೊನ್ನೆಯದು ಸುಭದ್ರಾ–ವೈಜನಾಥರ ಮಗನ ಮದುವೆ. ಬಾಗಿಲಿಗೆ ಅಡ್ಡ ನಿಂತವಳು ಈಗ ಹೆಡ್‌ಮಾಸ್ತರಣಿಯಾಗಿರುವ ಸುಭದ್ರಾ. ಸೊಸೆ ಒಡಪು ಹೇಳಿದಳು, ಇವಳು ಒಳಗೆ ಬಿಟ್ಟಳು. ಹಿಂದೆಯೇ ನುಗ್ಗಿದ ಮಗನ ಎದೆಗೆ ಕೈ ಅಡ್ಡ ಹಿಡಿದಳು.

"ನೀ ಎಲ್ಲಿಗಿ? ವಾರದಾಗ ಎಷ್ಟು ದಿನ ಅಡಗಿ ಮಾಡ್ತಿ? ಒಡಪಿನಾಗ ಹೇಳು."

"ಅವ್ವಾ, ಮಂದಿ ನೋಡಾಕತ್ತಾರ!"

"ನೋಡಲಿ. ಅಪ್ಪನ್ನ ಕೇಳಿಕೋ, ಪ್ರಾಸ ಹಚ್ಚಾಕ ಅವರಿಗಿ ಬರ್ತದ."

ಉದುರಿದ ಅಕ್ಕಿಕಾಳನ್ನು ಆರಿಸಿ, ತೊಟ್ಟ ಅಂಗಿಯ ಜೇಬಿಗೆ ಹಾಕಿಕೊಂಡಿದ್ದೇನೆ. ಮೊನ್ನೆ ನಾನು ಹುಮನಾಬಾದಿನ ಬಸ್ಸಿಗೆ ಹೊರಟಾಗ ಸೊಸೆ ಒಳಗೆ ಕೂತು ಚಹಾ ಕುಡಿಯುತ್ತಿದ್ದಳು. ಮದುಮಗ ಹೊಸ್ತಿಲ ಹೊರಗಿದ್ದ.